ಏಳು ತಿಂಗಳು ಗೂಟಕ್ಕೆ ನೇತುಬಿದ್ದ ಬ್ರಷ್ ಕಟರ್

ಇಪ್ಪತ್ತೆರಡು ಸಲ ಹಗ್ಗ ಜಗ್ಗಿದೆವು. ಮೊದಲ ಹತ್ತು ನಾನು, ಉಳಿದದ್ದು ತಮ್ಮ. ಒಂದು ಸಲವಾದರೂ ಹುಲ್ಲು ಸವರುವ ಮಷೀನ್ ಕೆಮ್ಮಲಿಲ್ಲ. ಚೋಕ್ ಹಾಕಿ ಜಗ್ಗಿದ್ದಾಯಿತು, ತೆಗೆದು ಜಗ್ಗಿದ್ದಾಯಿತು, ರೇಸ್ ಒತ್ತಿ ಹಿಡಿದೂ ಜಗ್ಗಿದ್ದಾಯಿತು. ಸಸಿ ಮಡಿ ಹಾಕುವ ದಿನ ಹತ್ತಿರ ಬಂದಿತ್ತು. ಬದುವಿನ ಮೇಲೆ ಕರಕಿ, ಜೇಕು ಮೊಣಕಾಲಿನವರೆಗೆ ಬೆಳೆದು ನಿಂತಿದ್ದವು. ಕೂಲಿಗೆ ಆಳು ಹುಡುಕೋಣವೆಂದರೆ ಎಲ್ಲರ ಗದ್ದೆಯಲ್ಲೂ ಅದೇ ಹೊತ್ತಿಗೆ ಅದೇ ಕೆಲಸ.

ನಮ್ಮದು ಕಾರಟಗಿ ಹತ್ತಿರದ ಹಳ್ಳಿ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ಬೇರೆ ವರ್ಷವಾಗಿದ್ದರೆ ಈ ಮಷೀನಿಗೆ ಇಷ್ಟು ದಿನ ರಜೆ ಸಿಗುತ್ತಿರಲಿಲ್ಲ. ಮುಂಗಾರಿನ ನೆಲ್ಲು ಕೊಯ್ದ ಕೂಡಲೇ ಬೇಸಿಗೆ ಬೆಳೆಗೆ ಬದು ಸವರುವುದು ಶುರುವಾಗುತ್ತದೆ. ಆದರೆ 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿ ಹೋದದ್ದು ಎಲ್ಲರಿಗೂ ನೆನಪಿದೆ. ಆಮೇಲೆ 33 ಗೇಟುಗಳನ್ನೂ ಬದಲಿಸಬೇಕೆಂದು ತೀರ್ಮಾನವಾಗಿ, 2025-26ರ ಎರಡನೇ ಬೆಳೆಗೆ ನೀರು ಬಿಡಲಿಲ್ಲ. ಗದ್ದೆ ಬೀಡು ಬಿತ್ತು. ಹಾರ್ವೆಸ್ಟರ್ ಬರಲೆಂದು ನವೆಂಬರಿನಲ್ಲಿ ಬದು ಸವರಿ ಕೊಟ್ಟಿಗೆಯ ಗೂಟಕ್ಕೆ ನೇತು ಹಾಕಿದ ಮಷೀನು ಜೂನ್ ತನಕ ಅಲ್ಲೇ ಇತ್ತು, ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಸಮೇತ. ಕಥೆಯ ಬೇರು ಇಲ್ಲೇ ಇದೆ, ಆದರೆ ಆ ದಿನ ನನಗದು ಹೊಳೆದಿರಲಿಲ್ಲ.

ಮಷೀನ್ 52 ಸಿಸಿಯ ಟೂ ಸ್ಟ್ರೋಕ್. ಹೆಗಲಿಗೆ ಬೆಲ್ಟ್ ಹಾಕಿ ಹಿಡಿಯುವಂಥದ್ದು. ನೆಲ್ಲು ಕೊಯ್ಯಲು ಹಲ್ಲಿನ ಬ್ಲೇಡು, ಬದುವಿಗೆ ನೈಲಾನ್ ದಾರದ ಹೆಡ್. ನಮ್ಮ ಭಾಗದಲ್ಲಿ ಮೂರು ಮನೆಗೊಂದರಂತೆ ಇರುವ ಮಷೀನು, ಒಳಗಿನ ಮಾಲು ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದೇ. ಹಾಗಾಗಿ ಇಲ್ಲಿ ಬರೆಯುವುದು ಬೇರೆಯವರಿಗೂ ಉಪಯೋಗಕ್ಕೆ ಬಂದೀತು.

ಕಾಕಾ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. "ಚೈನಾ ಮಾಲಪ ಅದು. ಗುಜರಿಗೆ ಹಾಕಿ ಹೊಸಾದು ತರ್‍ರಿ" ಅಂದರು. ಕ್ಯಾಂಪಿನ ಗ್ಯಾರೇಜಿಗೆ ಫೋನ್ ಹಚ್ಚಿದರೆ, ಮಷೀನ್ ನೋಡದೆಯೇ, "ಕಾರ್ಬ್ಯುರೇಟರ್ ಹೋಗ್ಯಾದ್ರಿ, ಹೊಸಾದು ಹಾಕೋಣ, ತಗೊಂಡ್ ಬರ್‍ರಿ" ಎಂಬ ಉತ್ತರ. ಪೆಟ್ರೋಲನ್ನು ಗಾಳಿಗೆ ಬೆರೆಸಿ ಇಂಜಿನ್ನಿಗೆ ಕೊಡುವ ಆ ಭಾಗ ಹೋಗಿದ್ದರೂ ಹೋಗಿರಬಹುದು. ಆದರೆ ಎಲ್ಲಿ ಕೆಟ್ಟಿದೆ ಎಂದು ಗೊತ್ತಾಗುವ ಮೊದಲೇ ಸಾಮಾನು ಬದಲಿಸುವುದು ನನಗೆ ಸರಿ ಬರುವುದಿಲ್ಲ. ಹಿಂದೊಮ್ಮೆ ಹೀಗೆಯೇ ಸ್ಪ್ರೇಯರ್ ಪಂಪಿಗೆ ಮೂರು ಹೊಸ ಸಾಮಾನು ಹಾಕಿಸಿದ ಮೇಲೆ ಕೆಟ್ಟಿದ್ದು ನಾಲ್ಕನೆಯದು ಎಂದು ತಿಳಿದಿತ್ತು.

ಟೂ ಸ್ಟ್ರೋಕ್ ಇಂಜಿನ್ ಚಾಲೂ ಆಗಲು ಬೇಕಾದದ್ದು ಕಿಡಿ, ಪೆಟ್ರೋಲು, ಕಂಪ್ರೆಷನ್ ಅಂದರೆ ಸಿಲಿಂಡರಿನೊಳಗಿನ ಒತ್ತಡ. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಈ ಮೂರರಲ್ಲಿ ಯಾವುದು ಇಲ್ಲ ಎಂದು ಮೊದಲು ತಿಳಿಯಬೇಕು. ಪ್ಲಗ್ಗಿನಿಂದ ಶುರು ಮಾಡಿದೆ, ಯಾಕೆಂದರೆ ಪ್ಲಗ್ ಒಂದೇ ಎರಡು ಸುದ್ದಿ ಹೇಳುತ್ತದೆ.

ಪ್ಲಗ್ ಬಿಚ್ಚಿದರೆ ಒಣಗಿತ್ತು. ಬೆರಳಿಗೆ ಒರೆಸಿದರೂ ಹಸಿ ಇಲ್ಲ, ಮೂಗಿಗೆ ಹಿಡಿದರೂ ಪೆಟ್ರೋಲ್ ವಾಸನೆ ಇಲ್ಲ. ಚೋಕ್ ಹಾಕಿ ಅಷ್ಟು ಸಲ ಜಗ್ಗಿದ ಮೇಲೆ ಪ್ಲಗ್ ತೊಯ್ದು ತೊಟ್ಟಿಕ್ಕಬೇಕಿತ್ತು. ಅಂದರೆ ಪೆಟ್ರೋಲ್ ಸಿಲಿಂಡರಿನ ತನಕ ಬರುತ್ತಲೇ ಇಲ್ಲ. ತೊಯ್ದಿದ್ದರೆ ದಾರಿ ಬೇರೆ: ಕಿಡಿ ಇಲ್ಲ, ಇಲ್ಲವೇ ಓವರ್‌ಫ್ಲೋ. ಆಗ ಪ್ಲಗ್ ತೆಗೆದಿಟ್ಟು, ಚೋಕ್ ಪೂರ್ತಿ ತೆಗೆದು, ರೇಸ್ ಒತ್ತಿಕೊಂಡು ಏಳೆಂಟು ಸಲ ಜಗ್ಗಿ ಒಳಗಿನದನ್ನು ಹೊರ ಹಾಕಬೇಕು. ಒಣ ಪ್ಲಗ್ಗಿಗೆ ಆ ಕೆಲಸ ಬೇಕಿಲ್ಲ.

ಆದರೂ ಕಿಡಿ ನೋಡಿಯೇ ಬಿಡೋಣ ಎಂದುಕೊಂಡೆ. ಪ್ಲಗ್ಗಿಗೆ ಕ್ಯಾಪ್ ಹಾಕಿ, ಅದರ ಲೋಹದ ಮೈಯನ್ನು ಸಿಲಿಂಡರಿನ ರೆಕ್ಕೆಗೆ ಒತ್ತಿ ಹಿಡಿದೆ. ಪ್ಲಗ್ಗಿನ ತೂತಿನಿಂದ ಗೇಣು ದೂರ ಇರಬೇಕು, ಒಳಗಿಂದ ಹೊರಬರುವ ಆವಿಗೆ ಕಿಡಿ ತಾಗಬಾರದು. ತಮ್ಮ ಜಗ್ಗಿದ. ಏನೂ ಕಾಣಲಿಲ್ಲ. ಎದೆ ಧಸಕ್ ಎಂದಿತು. ಕಿಡಿ ಹುಟ್ಟಿಸುವ ಕಾಯಿಲ್ ಹೋಗಿದ್ದರೆ ಖರ್ಚು ಬೇರೆ ಲೆಕ್ಕಕ್ಕೆ ಹೋಗುತ್ತದೆ. ಆಮೇಲೆ ನೋಡಿದರೆ ನಾನು ಪ್ಲಗ್ ಒತ್ತಿದ್ದ ಜಾಗದಲ್ಲಿ ಬಣ್ಣವಿತ್ತು. ಬಣ್ಣ ಕೆರೆದು ಬೆಳ್ಳಗಿನ ಲೋಹಕ್ಕೆ ತಾಗಿಸಿ, ಕೊಟ್ಟಿಗೆಯ ಕತ್ತಲಲ್ಲಿ ಮತ್ತೆ ಜಗ್ಗಿಸಿದೆ. ಚಟ್ ಚಟ್ ಎಂದು ನೀಲಿ ಕಿಡಿ. ಆಗಲೂ ಬರದಿದ್ದರೆ ಆಫ್ ಸ್ವಿಚ್ಚಿನ ವೈರು ಬಿಚ್ಚಿ ನೋಡುವವನಿದ್ದೆ. ಈ ಮಷೀನುಗಳಲ್ಲಿ ಸ್ವಿಚ್ ಆಫ್ ಮಾಡುವುದೆಂದರೆ ಕಾಯಿಲನ್ನು ಅರ್ಥ್ ಮಾಡುವುದು, ಹಾಗಾಗಿ ಹಿಡಿಕೆಯ ಹತ್ತಿರ ವೈರಿನ ಸಿಪ್ಪೆ ಸವೆದು ಲೋಹಕ್ಕೆ ತಾಗಿದರೂ ಕಿಡಿ ಸಾಯುತ್ತದೆ. ಅದಾದ ಮೇಲೆ ಕಾಯಿಲ್ ಮತ್ತು ಫ್ಲೈವೀಲಿನ ನಡುವಿನ ಸಂದು: ಸುಮಾರು 0.3 ಮಿಮೀ, ಒಂದು ವಿಸಿಟಿಂಗ್ ಕಾರ್ಡ್ ಬಿಗಿಯಾಗಿ ತೂರುವಷ್ಟು. ನನಗೆ ಅಲ್ಲಿವರೆಗೆ ಹೋಗುವ ಪ್ರಸಂಗ ಬರಲಿಲ್ಲ. ಪ್ಲಗ್ಗಿನ ಮಸಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು, ಸಂದು 0.6ಕ್ಕೆ ಸರಿ ಮಾಡಿಟ್ಟೆ.

ಕಂಪ್ರೆಷನ್ ನೋಡಲು ಗೇಜ್ ಇರಲಿಲ್ಲ. ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿ, ತಮ್ಮನಿಗೆ ಮೆಲ್ಲಗೆ ಜಗ್ಗು ಎಂದೆ. ಬೆರಳನ್ನು ಪುಸ್ ಎಂದು ಎತ್ತಿ ಒಗೆಯಿತು. ಅಷ್ಟು ಸಾಕು. ಸೈಲೆನ್ಸರನ್ನೂ ಬಿಚ್ಚಿದೆ, ಬಿಚ್ಚಿದ್ದು ಒಳ್ಳೆಯದಾಯಿತು. ಹೊಗೆ ಹೋಗುವ ಬಾಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿ ಮುಕ್ಕಾಲು ಭಾಗ ಮುಚ್ಚಿತ್ತು. ತಂತಿಯಿಂದ ಕೆದಕಿ, ತಟ್ಟಿ ತೆಗೆದೆ. ಇದೇ ಕಾರಣ ಎಂದು ತಮ್ಮನಿಗೆ ಖುಷಿಯಾಯಿತು, ಆದರೆ ಹೊಗೆಯ ದಾರಿ ಕಟ್ಟಿದ ಮಾತ್ರಕ್ಕೆ ಪ್ಲಗ್ ಒಣಗುವುದಿಲ್ಲ. ಸೈಲೆನ್ಸರ್ ತೆಗೆದಾಗ ಕಾಣುವ ಕಿಂಡಿಯಿಂದ ಪಿಸ್ಟನ್ನಿನ ಮೈ ನೋಡಿಕೊಂಡೆ. ಉದ್ದುದ್ದ ಗೀರು ಬಿದ್ದಿದ್ದರೆ ಆಯಿಲ್ ಕಡಿಮೆಯಾಗಿ ಪಿಸ್ಟನ್ ಹಿಡಿದುಕೊಂಡಿತ್ತು ಎಂದರ್ಥ, ಆಗ ಕಾಕಾ ಹೇಳಿದ ಗುಜರಿ ಮಾತಿಗೆ ಬೆಲೆ ಬರುತ್ತಿತ್ತು. ನಮ್ಮದು ನುಣ್ಣಗಿತ್ತು.

ಆಮೇಲೆ ಮಾಡಿದ್ದು ಚಮಚದ ಪರೀಕ್ಷೆ. ಏರ್ ಫಿಲ್ಟರ್ ತೆಗೆದು, ಆಗಷ್ಟೇ ತಂದ ಪೆಟ್ರೋಲಿಗೆ ಟೂ ಸ್ಟ್ರೋಕ್ ಇಂಜಿನ್ನಿನ 2ಟಿ ಆಯಿಲ್ ಬೆರೆಸಿ, ಅರ್ಧ ಚಮಚದಷ್ಟನ್ನು ಕಾರ್ಬ್ಯುರೇಟರಿನ ಬಾಯಿಗೆ ಹಾಕಿ, ರೇಸ್ ಒತ್ತಿ ಜಗ್ಗಿದೆ. ಎರಡನೇ ಸಲಕ್ಕೆ ಭರ್ರ್ ಎಂದು ಎದ್ದು, ಎರಡು ಸೆಕೆಂಡ್ ಓಡಿ ನಿಂತಿತು. ಅರ್ಧ ಚಮಚ ಪೆಟ್ರೋಲಿನಲ್ಲಿ ಅರ್ಧ ಮಷೀನು ಅನುಮಾನದಿಂದ ಹೊರಗೆ ಬಂತು. ಕಿಡಿ ಸರಿ, ಕಂಪ್ರೆಷನ್ ಸರಿ, ಪಿಸ್ಟನ್ ಸರಿ. ಕೆಟ್ಟದ್ದು ಟ್ಯಾಂಕಿನಿಂದ ಕಾರ್ಬ್ಯುರೇಟರ್ ನಡುವೆ ಎಲ್ಲೋ. ಗ್ಯಾರೇಜಿಗೆ ಒಯ್ಯುವ ಮೊದಲು ಇದೊಂದನ್ನಾದರೂ ಮಾಡಿ ನೋಡಿ ಎಂದು ಊರಿನಲ್ಲಿ ಕೇಳಿದವರಿಗೆಲ್ಲ ಈಗ ಹೇಳುತ್ತಿದ್ದೇನೆ.

ಟ್ಯಾಂಕನ್ನು ಗಾಜಿನ ಬಾಟಲಿಗೆ ಬಗ್ಗಿಸಿದೆ. ಬಂದದ್ದು ಬೆಲ್ಲದ ಪಾನಕದ ಬಣ್ಣದ್ದು, ವಾರ್ನಿಷಿನ ಹುಳಿ ವಾಸನೆ. ಸ್ವಲ್ಪ ಹೊತ್ತು ಅಲುಗಾಡಿಸದೆ ಇಟ್ಟರೆ ತಳದಲ್ಲಿ ಬೆರಳಿನಷ್ಟು ದಪ್ಪ ಮಬ್ಬು ಪದರ ಬೇರೆಯಾಗಿ ನಿಂತಿತು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥೆನಾಲ್ ಇರುತ್ತದೆ. ಎಥೆನಾಲಿಗೆ ನೀರೆಂದರೆ ಪ್ರೀತಿ: ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ, ಮುಚ್ಚಳದ ಸಂದಿನಿಂದ ಇಳಿದ ಹನಿಯನ್ನೂ. ನೀರು ಮಿತಿ ಮೀರಿದರೆ ನೀರು, ಎಥೆನಾಲ್ ಎರಡೂ ಕೂಡಿಕೊಂಡು ಪೆಟ್ರೋಲನ್ನು ಬಿಟ್ಟು ತಳಕ್ಕಿಳಿಯುತ್ತವೆ. ಟ್ಯಾಂಕಿನ ಫಿಲ್ಟರು ಬಿದ್ದಿರುವುದೂ ತಳದಲ್ಲೇ. ದಿನಾ ಓಡುವ ಬೈಕಿಗೆ ಇದರ ಬಾಧೆ ತಟ್ಟುವುದಿಲ್ಲ, ಪೆಟ್ರೋಲ್ ಹಳತಾಗುವ ಮೊದಲೇ ಉರಿದು ಹೋಗುತ್ತದೆ. ವರ್ಷದಲ್ಲಿ ನಾಲ್ಕು ತಿಂಗಳು ದುಡಿಯುವ ನಮ್ಮ ಮಷೀನುಗಳ ಪಾಡು ಬೇರೆ.

ಟ್ಯಾಂಕಿನೊಳಗಿನ ನಳಿಗೆಯನ್ನು ಕೊಕ್ಕೆಯ ತಂತಿಯಿಂದ ಎಳೆದರೆ ತುದಿಯ ಫಿಲ್ಟರ್ ಅಂಟಂಟು. ನಳಿಗೆ ಬಗ್ಗಿಸಿದ ಕೂಡಲೇ ಒಣ ಕಡ್ಡಿಯ ಹಾಗೆ ಲಟಕ್ ಎಂದಿತು. ಇಂಥ ನಳಿಗೆ ಪೆಟ್ರೋಲಿನ ಬದಲು ಗಾಳಿ ಎಳೆಯುತ್ತದೆ. ಎರಡು ನಳಿಗೆಗಳನ್ನೂ ಬದಲಿಸುವುದೆಂದು ತೀರ್ಮಾನಿಸಿದೆ. ಎರಡು ಯಾಕೆಂದರೆ, ಒಂದು ಫಿಲ್ಟರಿನಿಂದ ಕಾರ್ಬ್ಯುರೇಟರಿಗೆ ಎಳೆಯುವುದು, ಇನ್ನೊಂದು ಚಾಲೂ ಮಾಡುವ ಮುನ್ನ ಪೆಟ್ರೋಲ್ ಏರಿಸಲು ಒತ್ತುವ ರಬ್ಬರ್ ಗುಳ್ಳೆಯಿಂದ ಟ್ಯಾಂಕಿಗೆ ಮರಳುವುದು. ಬಿಚ್ಚುವಾಗಲೇ ಒಂದಕ್ಕೆ ಕೆಂಪು ದಾರ ಕಟ್ಟಿಟ್ಟೆ. ಇವು ಅದಲು ಬದಲಾದರೆ ಗುಳ್ಳೆಯನ್ನು ಸಂಜೆಯವರೆಗೆ ಒತ್ತಿದರೂ ಪೆಟ್ರೋಲ್ ಏರುವುದಿಲ್ಲ.

ಕಾರ್ಬ್ಯುರೇಟರ್ ಬಿಚ್ಚಿದ್ದು ಅಂಗಳದಲ್ಲಿ, ಸ್ಟೀಲ್ ಪರಾತದೊಳಗೆ ಬಿಳಿ ಬಟ್ಟೆ ಹಾಸಿ. ಸಣ್ಣ ಸ್ಪ್ರಿಂಗ್ ಹಾರಿದರೆ ಮಣ್ಣಿನಲ್ಲಿ ಸಿಗುವುದಿಲ್ಲ. ಗುಳ್ಳೆಯ ಬದಿಯ ನಾಲ್ಕು ಸ್ಕ್ರೂ ತೆಗೆದರೆ ಪುಸ್ತಕದ ಹಾಳೆಗಳ ಹಾಗೆ ಪದರ ಪದರ ಬಿಚ್ಚಿಕೊಳ್ಳುತ್ತದೆ. ಪ್ರತಿ ಪದರಕ್ಕೆ ಮೊಬೈಲಿನಲ್ಲಿ ಫೋಟೋ ಹೊಡೆದೆ. ಬೈಕಿನ ಕಾರ್ಬ್ಯುರೇಟರಿನಂತೆ ಇದರಲ್ಲಿ ತೇಲುವ ಫ್ಲೋಟ್ ಇಲ್ಲ, ಮಷೀನನ್ನು ಅಡ್ಡ ಉದ್ದ ಹೇಗೆ ತಿರುಗಿಸಿದರೂ ಓಡಬೇಕಲ್ಲ. ಫ್ಲೋಟಿನ ಕೆಲಸವನ್ನು ತೆಳ್ಳಗಿನ ರಬ್ಬರ್ ಡಯಾಫ್ರಾಮ್ ಮಾಡುತ್ತದೆ. ಇಂಜಿನ್ ಪೆಟ್ರೋಲ್ ಎಳೆದಾಗ ಅದು ಒಳಕ್ಕೆ ಬಾಗಿ ಪುಟ್ಟ ಲಿವರನ್ನು ಒತ್ತುತ್ತದೆ, ಲಿವರ್ ಸೂಜಿಯನ್ನು ಎತ್ತುತ್ತದೆ, ಪೆಟ್ರೋಲ್ ಒಳಗೆ ಬರುತ್ತದೆ.

ನಮ್ಮ ಡಯಾಫ್ರಾಮ್ ಹಿಡಿದರೆ ಹಪ್ಪಳ. ಬೆರಳಲ್ಲಿ ಮಡಚಿದರೆ ಕಟಕಟ ಎನ್ನುತ್ತಿತ್ತು. ಹೊಸದು ಹಸಿ ವೀಳ್ಯದೆಲೆಯಂತೆ ಮೆತ್ತಗೆ ಬಾಗಬೇಕು. ಲಿವರಿನ ಕೆಳಗಿನ ಸೂಜಿ ತಾನು ಕೂರುವ ಗುಳಿಗೆ ಜೇನುಬಣ್ಣದ ಅಂಟಿನಿಂದ ಕಚ್ಚಿಕೊಂಡಿತ್ತು. ಅದರ ಹಿಂದಿನ ಜರಡಿ, ಸಾಸಿವೆಗಿಂತ ತುಸು ದೊಡ್ಡದು, ಪೂರ್ತಿ ಕಟ್ಟಿತ್ತು. ಇಷ್ಟೆಲ್ಲ ದಾಟಿ ಪೆಟ್ರೋಲ್ ಬರುವುದಾದರೂ ಎಲ್ಲಿಂದ!

ರಬ್ಬರಿನದ್ದೆಲ್ಲ ಬೇರೆ ತೆಗೆದಿಟ್ಟು, ಲೋಹದ ಭಾಗವನ್ನು ಕಾರ್ಬ್ಯುರೇಟರ್ ಕ್ಲೀನರಿನಿಂದ ತೊಳೆದೆ. ಪಂಕ್ಚರ್ ಅಂಗಡಿಗೆ ಒಯ್ದು ಪ್ರತಿ ತೂತಿಗೂ ಗಾಳಿ ಊದಿಸಿದೆ. ರಬ್ಬರ್ ಇರುವಾಗ ಈ ಗಾಳಿ ಬಿಟ್ಟರೆ ಒಳಗಿನ ತೆಳು ಪದರ ಹರಿಯುತ್ತದೆ. ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ಟಿಗೆ ಪಿನ್ನು, ತಂತಿ ಹಾಕಲಿಲ್ಲ. ಹಿತ್ತಾಳೆ ಮೆತ್ತಗಿನದು, ತೂತು ಕೂದಲಷ್ಟು ದೊಡ್ಡದಾದರೂ ಲೆಕ್ಕ ತಪ್ಪುತ್ತದೆ. ಲಿವರನ್ನೂ ಬಗ್ಗಿಸಲಿಲ್ಲ. ಅದು ಮೇಲಾದರೆ ಓವರ್‌ಫ್ಲೋ, ಕೆಳಗಾದರೆ ಉಪವಾಸ. ಡಯಾಫ್ರಾಮ್ ಕಿಟ್, ಎರಡು ನಳಿಗೆ, ಫಿಲ್ಟರ್ ಸೇರಿ ಗಂಗಾವತಿಯ ಅಂಗಡಿಯಲ್ಲಿ 310 ರೂಪಾಯಿ. ಹಳೇ ನಳಿಗೆಯ ತುಂಡು, ಹಳೇ ಡಯಾಫ್ರಾಮ್ ಕಿಸೆಯಲ್ಲಿ ಒಯ್ದಿದ್ದರಿಂದ ಅಳತೆಯ ತಕರಾರು ಬರಲಿಲ್ಲ.

ಜೋಡಿಸುವಾಗ ಲಿವರಿನ ಕಡೆ ಮೊದಲು ಪ್ಯಾಕಿಂಗ್, ಅದರ ಮೇಲೆ ಡಯಾಫ್ರಾಮ್, ಡಯಾಫ್ರಾಮಿನ ನಡುವಿನ ಲೋಹದ ಗುಂಡಿ ಲಿವರಿಗೆ ಮುಖ ಮಾಡಿ. ಡಯಾಫ್ರಾಮ್ ಕೂರಿಸುವ ಮುನ್ನ ಹೊಸ ನಳಿಗೆಯ ತುದಿಗೆ ಬಾಯಿಟ್ಟು ಊದಿದೆ. ಸೂಜಿ ಗಾಳಿ ಬಿಡಲಿಲ್ಲ. ಲಿವರ್ ಒತ್ತಿದರೆ ಸುಯ್ ಎಂದು ಹೋಯಿತು. ಸೂಜಿ ಸರಿ. ಆ ರಾತ್ರಿಯೇ ಮಷೀನಿಗೆ ಕೂರಿಸಿ, ಹೊಸ ಪೆಟ್ರೋಲ್ ಹಾಕಿ, ಗುಳ್ಳೆ ಒತ್ತಿದೆ. ಪೆಟ್ರೋಲ್ ಏರಿತು. ಮೂರನೇ ಜಗ್ಗಿಗೆ ಚಾಲೂ! ತಮ್ಮ ಶಿಳ್ಳೆ ಹೊಡೆದ. ಆರು ಸೆಕೆಂಡ್ ಓಡಿ ನಿಂತಿತು.

ಮತ್ತೆ ಗುಳ್ಳೆ ಒತ್ತಿ ಜಗ್ಗಿದರೆ ಚಾಲೂ, ಆರೇಳು ಸೆಕೆಂಡ್, ಬಂದ್. ನಾಲ್ಕು ಸಲ ಅದೇ ಆಟ. ಕಾಕಾ ಊಟಕ್ಕೆ ಕೂತವರು ಒಳಗಿಂದಲೇ "ಆತೇನೋ?" ಎಂದು ಕೇಳಿದರು. ನಾನು ಉತ್ತರಿಸಲಿಲ್ಲ. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಮಲಗಿದಲ್ಲೇ ಯೋಚಿಸುತ್ತಿದ್ದಾಗ ಒಂದು ವಿಷಯ ಹೊಳೆಯಿತು. ಗುಳ್ಳೆ ಒತ್ತಿದಾಗ ಪೆಟ್ರೋಲ್ ಎಳೆಯುವುದು ನಮ್ಮ ಬೆರಳು. ಇಂಜಿನ್ ಓಡುವಾಗ ಎಳೆಯುವವರು ಯಾರು? ಕಾರ್ಬ್ಯುರೇಟರಿನಲ್ಲಿ ಇನ್ನೊಂದು ಡಯಾಫ್ರಾಮ್ ಇದೆ, ಪಂಪಿನದು. ಪಿಸ್ಟನ್ ಮೇಲೆ ಕೆಳಗೆ ಆಡುವಾಗ ಅದರ ಕೆಳಗಿನ ಕೋಣೆಯ, ಅಂದರೆ ಕ್ರ್ಯಾಂಕ್‌ಕೇಸಿನ, ಒತ್ತಡ ಏರಿ ಇಳಿಯುತ್ತದಲ್ಲ, ಆ ಮಿಡಿತವೇ ಅದನ್ನು ಆಡಿಸುವುದು. ಮಿಡಿತ ಬರಲು ಇಂಜಿನ್ನಿನಿಂದ ಕಾರ್ಬ್ಯುರೇಟರ್ ತನಕ ಒಂದು ಸಣ್ಣ ದಾರಿ ಇದೆ, ನಡುವಿನ ಕರಿ ಫೈಬರ್ ಬ್ಲಾಕಿನಲ್ಲಿ ಕಡ್ಡಿ ತೂರುವಷ್ಟು ತೂತು. ನಾವು ತುಂಬಿಸಿಟ್ಟ ಪೆಟ್ರೋಲ್ ಇರುವ ತನಕ ಓಡಿ ನಿಲ್ಲುತ್ತಿದೆಯೆಂದರೆ, ಮಿಡಿತ ತಲುಪುತ್ತಿಲ್ಲ.

ಬೆಳಕು ಹರಿಯುವ ಮೊದಲೇ ಎದ್ದು, ಟಾರ್ಚ್ ಹಿಡಿದು ಕಾರ್ಬ್ಯುರೇಟರಿನ ಎರಡು ಬೋಲ್ಟ್ ಬಿಚ್ಚಿದೆ. ಬ್ಲಾಕಿಗೂ ಕಾರ್ಬ್ಯುರೇಟರಿಗೂ ನಡುವೆ ಇರುವ ಪ್ಯಾಕಿಂಗನ್ನು ತಿರುವಿ ಹಾಕಿದ್ದೆ. ದೊಡ್ಡ ತೂತು, ಬೋಲ್ಟಿನ ತೂತು ಎರಡೂ ಕಡೆ ಹೊಂದಿಕೊಳ್ಳುತ್ತವೆ, ಹಾಗಾಗಿ ಕಣ್ಣಿಗೆ ಬೀಳಲಿಲ್ಲ. ಆ ಸಣ್ಣ ತೂತು ಮಾತ್ರ ಒಂದೇ ಕಡೆಗೆ ಇದೆ. ಕಾರ್ಬ್ಯುರೇಟರಿನ ಪದರಗಳಿಗೆಲ್ಲ ಫೋಟೋ ಹೊಡೆದಿದ್ದೆ, ಈ ಪ್ಯಾಕಿಂಗಿಗೆ ಹೊಡೆದಿರಲಿಲ್ಲ. ಅದು ಕಾರ್ಬ್ಯುರೇಟರ್ ಜೊತೆ ಅಂಟಿಕೊಂಡು ಬಂದು ಪರಾತದಲ್ಲಿ ಬಿದ್ದಿತ್ತು. ಪ್ಯಾಕಿಂಗನ್ನು ತಿರುಗಿಸಿ, ಸಣ್ಣ ತೂತಿನಲ್ಲಿ ಪೊರಕೆ ಕಡ್ಡಿ ತೂರಿಸಿ ದಾರಿ ಇದೆ ಎಂದು ಖಾತ್ರಿ ಮಾಡಿಕೊಂಡು, ಬೋಲ್ಟ್ ಬಿಗಿದೆ. ಪ್ಯಾಕಿಂಗಿನ ಅಂಚು ಒಡೆದಿದ್ದರೆ ಹೊಸದೇ ಬೇಕಿತ್ತು, ಯಾಕೆಂದರೆ ಅಲ್ಲಿ ಗಾಳಿ ಸೋರಿದರೆ ಗಾಳಿ ಹೆಚ್ಚಿ ಪೆಟ್ರೋಲ್ ಕಡಿಮೆಯಾಗಿ ಇಂಜಿನ್ ಅತಿಯಾಗಿ ಬಿಸಿಯಾಗುತ್ತದೆ.

ಗುಳ್ಳೆ ಎಂಟು ಸಲ ಒತ್ತು. ಚೋಕ್. ಎರಡು ಜಗ್ಗು, ಒಂದು ಕೆಮ್ಮು. ಚೋಕ್ ತೆಗೆದೆ. ಇನ್ನೊಂದು ಜಗ್ಗಿಗೆ ಎದ್ದಿತು. ಹತ್ತು ಸೆಕೆಂಡ್ ಆಯಿತು, ಮೂವತ್ತಾಯಿತು, ನಿಲ್ಲಲಿಲ್ಲ. ಎಮ್ಮೆ ಬೆದರಿ ಹಗ್ಗ ಜಗ್ಗತೊಡಗಿದ ಮೇಲೆ ನಾನೇ ಬಂದ್ ಮಾಡಿದೆ.

ಐಡಲ್ ಸ್ಕ್ರೂ ಸ್ವಲ್ಪ ಸರಿ ಮಾಡಬೇಕಾಯಿತು. ರೇಸ್ ಬಿಟ್ಟಾಗ ಇಂಜಿನ್ ಓಡುತ್ತಿರಬೇಕು, ದಾರದ ಹೆಡ್ ಮಾತ್ರ ತಿರುಗಬಾರದು. ತಿರುಗುತ್ತಿದ್ದರೆ ಐಡಲ್ ಹೆಚ್ಚಾಗಿ ಕ್ಲಚ್ ಹಿಡಿಯುತ್ತಿದೆ ಎಂದರ್ಥ, ಬದುವಿನ ಮೇಲೆ ಕಾಲು ಜಾರಿದರೆ ಅದು ನೇರ ಕಾಲಿಗೇ ಬರುತ್ತದೆ. ಇದರಲ್ಲಿ ಸಡಿಲ ಬಿಡಬೇಡಿ. ಏರ್ ಫಿಲ್ಟರಿನ ಸ್ಪಂಜನ್ನು ಸೋಪಿನ ನೀರಲ್ಲಿ ಹಿಂಡಿ ನೆರಳಲ್ಲಿ ಒಣಗಿಸಿದೆ. ಕಂದು ನೀರು ಎರಡು ಚೊಂಬು ಬಂತು.

ಮಿಕ್ಸಿನ ಬಗ್ಗೆ ಒಂದು ಮಾತು. ನಮ್ಮ ಕಡೆ ಬಂಕಿನಲ್ಲಿ ಬಾಟಲಿಗೆ ಪೆಟ್ರೋಲ್ ಹಾಕಿಸಿ, ಆಯಿಲನ್ನು ಕಣ್ಣಂದಾಜಿನಲ್ಲಿ ಸುರಿಯುವುದು ರೂಢಿ. ನಮ್ಮ ಮಷೀನಿನ ಪುಸ್ತಕದಲ್ಲಿ 25ಕ್ಕೆ 1 ಎಂದಿದೆ, ಅಂದರೆ ಲೀಟರಿಗೆ 40 ಎಂಎಲ್. 50ಕ್ಕೆ 1 ಕೇಳುವ ಮಷೀನುಗಳೂ ಇವೆ, ಅವಕ್ಕೆ 20 ಎಂಎಲ್. ಹೆಚ್ಚಾದರೆ ಹೊಗೆ, ಪ್ಲಗ್ಗಿಗೆ ಮಸಿ. ಕಡಿಮೆಯಾದರೆ ಪಿಸ್ಟನ್ನಿಗೇ ಕುತ್ತು, ಟೂ ಸ್ಟ್ರೋಕಿನಲ್ಲಿ ಪೆಟ್ರೋಲಿನ ಜೊತೆ ಬಂದ ಆಯಿಲ್ ಬಿಟ್ಟರೆ ಬೇರೆ ಆಯಿಲೇ ಇಲ್ಲವಲ್ಲ. ಮಕ್ಕಳ ಜ್ವರದ ಔಷಧಿಯ ಅಳತೆ ಮುಚ್ಚಳವೊಂದನ್ನು ತೊಳೆದು ಕ್ಯಾನಿನ ಕುತ್ತಿಗೆಗೆ ಕಟ್ಟಿದ್ದೇನೆ. 10 ಎಂಎಲ್ ಮುಚ್ಚಳ, ಲೀಟರಿಗೆ ನಾಲ್ಕು. ಬೆರೆಸಿದ್ದನ್ನು ಎರಡು ಮೂರು ವಾರದೊಳಗೆ ಖಾಲಿ ಮಾಡುತ್ತೇನೆ. ಮಷೀನ್ ಗೂಟಕ್ಕೆ ಹೋಗುವ ದಿನ ಟ್ಯಾಂಕ್ ಬಗ್ಗಿಸಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಮುಗಿದು ತಾನಾಗಿ ನಿಲ್ಲುವವರೆಗೆ ಓಡಿಸುವುದು, ಸೈಲೆನ್ಸರ್ ಬಾಯಿಗೆ ಬಟ್ಟೆ ಕಟ್ಟುವುದು. ಇಷ್ಟನ್ನು ಕೊಟ್ಟಿಗೆಯ ಬಾಗಿಲಿನ ಒಳಬದಿಯಲ್ಲಿ ಸೀಮೆಸುಣ್ಣದಿಂದ ಬರೆದಿಟ್ಟಿದ್ದೇನೆ, ತಮ್ಮನೂ ನೋಡಲಿ ಎಂದು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಮೇಲಿನ ಗದ್ದೆಯ ಬದು ಮುಗಿಯಿತು. ಕಾಕಾ ಕೊಡೆ ಹಿಡಿದು ಬಂದು, ಸವರಿದ ಹುಲ್ಲನ್ನು ಎಮ್ಮೆಗೆಂದು ಹೊರೆ ಕಟ್ಟತೊಡಗಿದರು. ಗುಜರಿಯ ಸುದ್ದಿ ಎತ್ತಲಿಲ್ಲ. "ನಮ್ಮ ಬೀಗರ ಮಷೀನೂ ಹಿಂಗಾ ಕುಂತೈತೆಪ, ಒಂದೀಟು ನೋಡ್ತಿಯೇನು?" ಎಂದು ಕೇಳಿದರು. ನೋಡುತ್ತೇನೆ ಎಂದೆ, ಬರುವಾಗ ಟ್ಯಾಂಕಿನ ಪೆಟ್ರೋಲ್ ಚೆಲ್ಲದೆ ತರಲು ಹೇಳಿ ಎಂದೆ, ಬಾಟಲಿಗೆ ಹಾಕಿ ನೋಡಬೇಕು.

ಸಂಜೆ ಇಂಜಿನ್ ಆರಿದ ಮೇಲೆ ಪ್ಲಗ್ ಬಿಚ್ಚಿದರೆ ತುದಿ ಸುಟ್ಟ ಇಟ್ಟಿಗೆಯ ಕಂದು. ಬೇಕಾದದ್ದೇ ಆ ಬಣ್ಣ. ಸ್ಟಾರ್ಟರಿನ ಹಗ್ಗ ಮಾತ್ರ ಆ ಎರಡು ದಿನದ ಜಗ್ಗಾಟಕ್ಕೆ ಹಿಡಿಕೆಯ ಬುಡದಲ್ಲಿ ಎಳೆ ಎಳೆ ಬಿಚ್ಚಿಕೊಂಡಿದೆ. ಅಂಗಡಿಯಿಂದ ಮೀಟರ್ ಹಗ್ಗ ತಂದಿಟ್ಟಾಗಿದೆ, ಭಾನುವಾರ ಹಾಕಬೇಕು.